ದಾವಣಗೆರೆಯಲ್ಲಿ ಕರಾಟೆ ಕ್ಲಾಸ್: ಬರೀ ತಿಂಗಳ ಫೀಸಿನಲ್ಲಿ ನಡೆಸಬಹುದಾ?

ವಿದ್ಯಾನಗರ ಶೋಟೋಕಾನ್

ಎಲ್ಲರಿಗೂ ನಮಸ್ಕಾರ. ನಾನು ಶೋಟೋಕಾನ್ ಶೈಲಿಯ ಕರಾಟೆಯಲ್ಲಿ ಎರಡನೇ ಡಾನ್, ಅಂದರೆ ಕಪ್ಪು ಬೆಲ್ಟಿನ ಎರಡನೇ ಹಂತ. ಇಲ್ಲಿಯವರೆಗೂ ಬೇರೆಯವರ ಕ್ಲಾಸಿನಲ್ಲಿ ಅಸಿಸ್ಟೆಂಟ್ ಆಗಿ ಹೇಳಿಕೊಡುತ್ತಿದ್ದೆ. ಈಗ ನನ್ನದೇ ಕ್ಲಾಸ್ ಶುರು ಮಾಡಬೇಕು ಅಂತ ಮನಸ್ಸು ಮಾಡಿದ್ದೇನೆ. ವಿದ್ಯಾನಗರದ ಕಡೆ 30×40 ಸೈಟಿನ ಒಂದು ಕಟ್ಟಡದ ಮೊದಲ ಮಹಡಿ ನೋಡಿ ಬಂದಿದ್ದೇನೆ. ಬಾಡಿಗೆ 15,000, ಅಡ್ವಾನ್ಸ್ ಒಂದು ಲಕ್ಷ ಅಂತಾರೆ. ಗೋಡೆ ಬಿಟ್ಟು, ಮೆಟ್ಟಿಲು ಬಿಟ್ಟು ಸುಮಾರು 800 ಚದರಡಿ ಹಾಲ್ ಸಿಗುತ್ತೆ.

ನನ್ನ ಚಿಂತೆ ಜಾಗದ್ದಲ್ಲ. ಈ ಲೈನಿನಲ್ಲಿ ಇರುವವರನ್ನು ಯಾರನ್ನು ಕೇಳಿದರೂ ಒಂದೇ ಮಾತು: "ತಿಂಗಳ ಫೀಸು ಬಾಡಿಗೆಗೆ ಸರಿಹೋಗುತ್ತೆ. ದುಡ್ಡು ಇರೋದು ಬೆಲ್ಟ್ ಎಕ್ಸಾಮ್, ಡ್ರೆಸ್, ಟೂರ್ನಮೆಂಟ್‌ನಲ್ಲಿ." ಎರಡು ತಿಂಗಳಿಗೊಂದು ಬೆಲ್ಟ್ ಕೊಡುವ ಕ್ಲಾಸುಗಳನ್ನು ನೋಡಿದ್ದೇನೆ. ಮುಷ್ಟಿ ಸರಿಯಾಗಿ ಕಟ್ಟಲು ಬಾರದ ಮಗುವಿನ ಸೊಂಟದಲ್ಲಿ ಹಸಿರು ಬೆಲ್ಟ್ ಇರುತ್ತೆ. ನನಗೆ ಹಾಗೆ ಮಾಡೋದು ಬೇಡ. ಬೆಲ್ಟ್‌ನಿಂದ ಒಂದು ರೂಪಾಯಿ ಲಾಭವನ್ನೂ ಲೆಕ್ಕಕ್ಕೆ ಹಿಡಿಯದೆ, ಬರೀ ತಿಂಗಳ ಫೀಸಿನಲ್ಲಿ ಕ್ಲಾಸ್ ನಡೆಸಿ ಮನೆಯನ್ನೂ ನಡೆಸಬಹುದಾ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಪಿಬಿ ರೋಡ್ ಪಕ್ಕ

ಕೆಲಸ ಬಿಡಬೇಡಿ ಅಂತ ಮೊದಲೇ ಹೇಳಿಬಿಡುತ್ತೇನೆ. ಸಂಜೆ ಕ್ಲಾಸ್ ಅಲ್ವಾ, ಹಗಲು ಕೆಲಸ ಇದ್ದರೆ ಇರಲಿ. ಮೊದಲ ವರ್ಷ ಕ್ಲಾಸಿನಿಂದ ಮನೆಗೆ ಏನೂ ಬರಲ್ಲ ಅಂತಲೇ ಅಂದುಕೊಳ್ಳಿ.

ಟೇಕ್ವಾಂಡೋ ಮಾಸ್ತರು

ನಾನು ಊರಿನ ಇನ್ನೊಂದು ಬದಿಯಲ್ಲಿ ಟೇಕ್ವಾಂಡೋ ಕ್ಲಾಸ್ ನಡೆಸುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರ: ನಡೆಸಬಹುದು. ಆದರೆ ಪೆನ್ನು ಪೇಪರ್ ಹಿಡಿದು ಕೂರಬೇಕು.

ಮೊದಲು ಹಾಲ್ ಎಷ್ಟು ಮಕ್ಕಳನ್ನು ಹಿಡಿಯುತ್ತೆ ಅಂತ ನೋಡಿ. 800 ಚದರಡಿ ಅಂದರೆ ಸುಮಾರು 74 ಚದರ ಮೀಟರ್. ಚಪ್ಪಲಿ ಬಿಡೋ ಜಾಗ, ಅಪ್ಪ ಅಮ್ಮ ಕೂರೋ ಬೆಂಚು, ಬ್ಯಾಗ್ ಇಡೋ ಮೂಲೆ ಕಳೆದರೆ 60 ಚದರ ಮೀಟರ್ ಮ್ಯಾಟ್ ಹಾಕಬಹುದು. ಕೈ ಕಾಲು ಬೀಸಿದರೆ ಪಕ್ಕದವನಿಗೆ ತಾಗಬಾರದು ಅಂದರೆ ಒಂದು ಮಗುವಿಗೆ 3 ಚದರ ಮೀಟರ್ ಬೇಕು. ಅಲ್ಲಿಗೆ ಒಂದು ಬ್ಯಾಚಿಗೆ 20 ಮಕ್ಕಳು. ಅದಕ್ಕಿಂತ ಜಾಸ್ತಿ ತುಂಬಿದರೆ ನೀವು ಕಲಿಸುತ್ತಿಲ್ಲ, ಸುಮ್ನೆ ಸಾಲು ನಿಲ್ಲಿಸುತ್ತಿದ್ದೀರಿ.

ಸಂಜೆ 5ರಿಂದ 6, 6ರಿಂದ 7. ಸೋಮ-ಬುಧ-ಶುಕ್ರ ಒಂದು ಗುಂಪು, ಮಂಗಳ-ಗುರು-ಶನಿ ಇನ್ನೊಂದು. ಒಟ್ಟು ನಾಲ್ಕು ಬ್ಯಾಚು, 80 ಸೀಟು. ನಿಮ್ಮ ಹಾಲಿನ ಮಿತಿ ಇಷ್ಟೇ. ಬೆಳಗ್ಗೆ ದೊಡ್ಡವರ ಬ್ಯಾಚ್ ನಡೆದರೆ ಒಳ್ಳೆಯದು, ಆದರೆ ಅದನ್ನು ನಂಬಿ ಬಾಡಿಗೆಗೆ ಒಪ್ಪಬೇಡಿ. ಜನವರಿಯಲ್ಲಿ ಉತ್ಸಾಹದಿಂದ ಸೇರುತ್ತಾರೆ, ಮದುವೆ ಸೀಸನ್ ಬಂದರೆ ಕಾಣಲ್ಲ.

ಈಗ ಖರ್ಚು. ಬಾಡಿಗೆ 15,000. ಕರೆಂಟು 2,000 ಇಟ್ಟುಕೊಳ್ಳಿ, ವಾಣಿಜ್ಯ ಮೀಟರ್ ಆದರೆ ಮನೆ ದರ ಸಿಗಲ್ಲ. ಅಸಿಸ್ಟೆಂಟಿಗೆ 8,000. ಗುಡಿಸಿ ಒರೆಸುವವರಿಗೆ 2,000. ರಿಪೇರಿ, ಔಷಧಿ ಡಬ್ಬಿ, ನೀರಿನ ಕ್ಯಾನು, ಪಾಂಪ್ಲೆಟ್ ಎಲ್ಲ ಸೇರಿ 3,000. ಒಟ್ಟು 30,000. ನಿಮ್ಮ ಮನೆಗೆ 30,000 ಬೇಕು ಅಂದರೆ ತಿಂಗಳಿಗೆ 60,000 ಬರಬೇಕು. ಫೀಸು 1,000 ಆದರೆ 60 ಮಕ್ಕಳು, 800 ಆದರೆ 75 ಮಕ್ಕಳು. ದುಡ್ಡು ಕೊಡುವ ಮಕ್ಕಳ ಲೆಕ್ಕ ಇದು, ಹಾಜರಿ ಪುಸ್ತಕದಲ್ಲಿ ಇರುವ ಹೆಸರಿನ ಲೆಕ್ಕವಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಮುಚ್ಚಿದ ಕ್ಲಾಸುಗಳು ಈ ಊರಿನಲ್ಲಿ ಬೇಕಾದಷ್ಟಿವೆ.

ಯಾಕೆ ಅಂದರೆ ವರ್ಷ ಒಂದೇ ಸಮ ಇರಲ್ಲ. ಜೂನ್, ಜುಲೈನಲ್ಲಿ ಮಕ್ಕಳು ಬರುತ್ತಾರೆ. ದಸರಾ ರಜೆಗೆ ಅಜ್ಜಿ ಊರಿಗೆ ಹೋದವರಲ್ಲಿ ಕೆಲವರು ವಾಪಸ್ ಬರಲ್ಲ. ಫೆಬ್ರವರಿ, ಮಾರ್ಚ್ ಪರೀಕ್ಷೆ. ಹತ್ತನೇ ಕ್ಲಾಸಿನ ಮಗು ಎಷ್ಟೇ ಚೆನ್ನಾಗಿ ಆಡಲಿ, ಡಿಸೆಂಬರ್ ದಾಟಿದರೆ ಬಿಡಿಸಿಬಿಡುತ್ತಾರೆ. ಏಪ್ರಿಲ್, ಮೇ ಸಮ್ಮರ್ ಕ್ಯಾಂಪಿಗೆ ಹಾಲ್ ತುಂಬುತ್ತೆ. ಆ ತುಂಬಿದ ಹಾಲ್ ನೋಡಿ ಇನ್ನೊಂದು ಬ್ರಾಂಚ್ ಹಾಕಬೇಡಿ. ಕ್ಯಾಂಪಿನ ದುಡ್ಡನ್ನು ಹಾಗೇ ಎತ್ತಿಟ್ಟು ಫೆಬ್ರವರಿ ಬಾಡಿಗೆಗೆ ಅಂತ ಮೀಸಲಿಡಿ.

ಇನ್ನು ಬೆಲ್ಟ್ ವಿಷಯ. ಶೋಟೋಕಾನ್‌ನಲ್ಲಿ ಬಿಳಿಯಿಂದ ಕಂದು ಬೆಲ್ಟ್ ದಾಟುವವರೆಗೆ ಒಂಬತ್ತು ಹತ್ತು ಹಂತ. ಹಂತಕ್ಕೆ ಕನಿಷ್ಠ 3 ತಿಂಗಳು, ಕಂದು ಬೆಲ್ಟ್‌ಗೆ ಇನ್ನೂ ಜಾಸ್ತಿ ಬಿಡುವು. ಹೇಗೆ ಲೆಕ್ಕ ಹಾಕಿದರೂ ಮೂರು ವರ್ಷಕ್ಕಿಂತ ಮೊದಲು ಕಪ್ಪು ಬೆಲ್ಟ್ ಬರಲ್ಲ. ನಮ್ಮ ಟೇಕ್ವಾಂಡೋದಲ್ಲಿ ಕೊರಿಯಾದ ಕೇಂದ್ರ ಸಂಸ್ಥೆ ಕುಕ್ಕಿವಾನ್‌ನಿಂದ ಡಾನ್ ಬರಬೇಕು. 15 ವರ್ಷ ತುಂಬದ ಮಕ್ಕಳಿಗೆ ಅದೇ ಮಟ್ಟಕ್ಕೆ ಡಾನ್ ಅಲ್ಲ, ಪೂಮ್ ಕೊಡುತ್ತಾರೆ. ಮೊದಲ ಡಾನ್ ಆದಮೇಲೆ ಎರಡನೆಯದಕ್ಕೆ ಕನಿಷ್ಠ 1 ವರ್ಷ, ಅಲ್ಲಿಂದ ಮೂರನೆಯದಕ್ಕೆ 2 ವರ್ಷ ಕಾಯಬೇಕು. ಈ ಕಾಯುವಿಕೆಯೇ ನಿಮ್ಮ ವ್ಯಾಪಾರ. ಮೂರು ವರ್ಷ ಉಳಿಯುವ ಒಂದು ಮಗು 1,000 ಫೀಸಿನಲ್ಲಿ 36,000 ಕೊಡುತ್ತೆ. ಆರು ತಿಂಗಳಲ್ಲಿ ಮೂರು ಬೆಲ್ಟ್ ತೆಗೆದುಕೊಂಡು ಬಿಟ್ಟು ಹೋಗುವ ಮಗು ಎಕ್ಸಾಮ್ ಫೀಸು ಸೇರಿಸಿದರೂ 10,000 ದಾಟಲ್ಲ. ಬೆಲ್ಟ್ ಮಾರುವವರು ಬಹಳ ಜಾಣರು ಅಂತ ಜನ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಅವರಿಗೆ ಲೆಕ್ಕವೇ ಬರಲ್ಲ.

ಎಕ್ಸಾಮ್ ಫೀಸು ತೆಗೆದುಕೊಳ್ಳಿ, ತಪ್ಪಿಲ್ಲ. ಬೆಲ್ಟ್ ಬಟ್ಟೆ, ಸರ್ಟಿಫಿಕೇಟ್, ಸಂಸ್ಥೆಗೆ ಕಟ್ಟಬೇಕಾದದ್ದು, ಹೊರಗಿನಿಂದ ಬರುವ ಪರೀಕ್ಷಕರ ಖರ್ಚು, ಇಷ್ಟನ್ನು ಬೋರ್ಡಿನಲ್ಲಿ ಬರೆದು ಹಾಕಿ. ಮುಖ್ಯವಾಗಿ, ತಯಾರಿಲ್ಲದ ಮಗುವನ್ನು ಎಕ್ಸಾಮಿಗೆ ಕೂರಿಸಲೇಬೇಡಿ. ಕೂರಿಸಿ ಫೇಲ್ ಮಾಡಿ ಮತ್ತೆ ಫೀಸು ಕೇಳುವುದು ಇನ್ನೂ ಕೆಟ್ಟದ್ದು.

ಇಬ್ಬರು ಮಕ್ಕಳ ತಾಯಿ

ಮೇಲಿನ ಮಾತಿಗೆ ನನ್ನದೊಂದು ಸಹಿ. ನನ್ನ ಮಗನನ್ನು ಮೊದಲು ಹಾಕಿದ್ದ ಕ್ಲಾಸಿನ ಹೆಸರು ಹೇಳುವುದಿಲ್ಲ. ಸೇರಿದ ಮೇಲೆ ಪ್ರತಿ ತಿಂಗಳೂ ಒಂದಲ್ಲ ಒಂದು. ಬೆಲ್ಟ್ ಎಕ್ಸಾಮ್, ಗ್ಲೌಸ್, ಟೂರ್ನಮೆಂಟ್, ಟ್ರ್ಯಾಕ್ ಸೂಟು. ಟೂರ್ನಮೆಂಟಿಗೆ ಹೋದರೆ ಒಂದೊಂದು ಗುಂಪಿನಲ್ಲಿ ನಾಲ್ಕೇ ಮಕ್ಕಳು, ನಾಲ್ವರಿಗೂ ಮೆಡಲ್. ಮಗ ಕುಣಿದಾಡಿದ. ಮನೆಗೆ ಬಂದಮೇಲೆ ಅವನೇ ಕೇಳಿದ, "ಅಮ್ಮಾ, ನಾನು ಸೋತಿದ್ದೆ ಅಲ್ವಾ, ಮತ್ತೆ ಯಾಕೆ ಮೆಡಲ್ ಕೊಟ್ಟರು?" ಮುಂದಿನ ತಿಂಗಳು ಬಿಡಿಸಿದೆ.

ಈಗ ಹೋಗುವ ಕಡೆ ಮಗಳೂ ಸೇರಿದ್ದಾಳೆ. ಮೊದಲ ದಿನ ಆ ಮೇಡಂ ಮಗಳ ಮುಂದೆ ಮಂಡಿಯೂರಿ ಕೂತು ಬೆಲ್ಟ್ ಕಟ್ಟುವುದನ್ನು ಹೇಳಿಕೊಟ್ಟರು. ಹೊಟ್ಟೆಯ ಮೇಲೆ ನಡುಭಾಗ ಇಟ್ಟು, ಎರಡೂ ತುದಿ ಹಿಂದೆ ಸುತ್ತಿ ಮುಂದಕ್ಕೆ ತಂದು, ಒಂದನ್ನು ಎರಡೂ ಸುತ್ತಿನ ಅಡಿಯಿಂದ ತೂರಿಸಿ ಗಂಟು. ಎರಡು ತುದಿ ಸಮ ಬರಲಿಲ್ಲ. ಬಿಚ್ಚಿ ಮತ್ತೆ ಕಟ್ಟಿಸಿದರು. ಆಮೇಲೆ ಮತ್ತೆ. ಉಳಿದ ಮಕ್ಕಳು ಅಸಿಸ್ಟೆಂಟ್ ಜೊತೆ ಓಡುತ್ತಿದ್ದರು, ಇವರಿಗೆ ಅವಸರವೇ ಇಲ್ಲ. ಮಗಳು ಈಗಲೂ ಮನೆಯಲ್ಲಿ ನಮ್ಮನ್ನು ಮುಟ್ಟಲು ಬಿಡಲ್ಲ, ತಾನೇ ಕಟ್ಟಿಕೊಳ್ಳುತ್ತಾಳೆ.

ಫೀಸು 200 ಜಾಸ್ತಿ ಅಂತ ನಮ್ಮಂಥವರು ಬಿಡಲ್ಲ ಸರ್. ಹೇಳಿದ ಟೈಮಿಗೆ ಶುರುವಾಗಬೇಕು, ಮಗುವಿನ ಹೆಸರು ನಿಮಗೆ ಗೊತ್ತಿರಬೇಕು, ಬೆಂಚಿನ ಮೇಲೆ ಕೂತು ನೋಡಲು ಬಿಡಬೇಕು.

ಹಳೇ ದಾವಣಗೆರೆ

ನಾನು ಗರಡಿಯವನು, ನಿಮ್ಮ ಕರಾಟೆ ಗೊತ್ತಿಲ್ಲ. ಕಾಟನ್ ಮಿಲ್ಲುಗಳ ಕಾಲದಲ್ಲಿ ಇಲ್ಲಿ ಓಣಿ ಓಣಿಯಲ್ಲಿ ಗರಡಿ ಇತ್ತು. ಶಿಫ್ಟ್ ಮುಗಿಸಿ ಬಂದವರು ಸಾಮು ತೆಗೆಯುತ್ತಿದ್ದರು. ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡುವುದೇ ಒಂದು ಕೆಲಸ. ಉಸ್ತಾದ್ ಯಾರ ಹತ್ತಿರವೂ ತಿಂಗಳ ಫೀಸು ಅಂತ ಕೇಳಿದವರಲ್ಲ. ದುಗ್ಗಮ್ಮನ ಜಾತ್ರೆಯಲ್ಲಿ ಇವತ್ತಿಗೂ ಕುಸ್ತಿ ನಡೆಯುತ್ತೆ, ಪೈಲ್ವಾನರು ದೂರದೂರದಿಂದ ಬರುತ್ತಾರೆ, ಜನ ಕಿಕ್ಕಿರಿದು ನೋಡುತ್ತಾರೆ. ವಿದ್ಯೆಗೆ ಬೆಲೆ ಕಟ್ಟಿ, 20 ಸೀಟು, 80 ಸೀಟು ಅಂತ ಮಾತಾಡುವುದು ಓದಿ ಸಂಕಟ ಆಯಿತು. ಬಡವರ ಮಗ ಎಲ್ಲಿಗೆ ಹೋಗಬೇಕು?

ಟೇಕ್ವಾಂಡೋ ಮಾಸ್ತರು

ಹಿರಿಯರೇ, ನಿಮ್ಮ ಸಂಕಟ ಅರ್ಥ ಆಗುತ್ತೆ. ಆದರೆ ಗರಡಿ ಪುಕ್ಕಟೆ ನಡೆಯಲಿಲ್ಲ. ಜಾಗ ಓಣಿಯದ್ದು ಅಥವಾ ದೇವಸ್ಥಾನದ್ದು, ಉಸ್ತಾದರ ಮನೆಗೆ ಕಾಳು ಕಡಿ ಊರಿನವರು ಕಳಿಸುತ್ತಿದ್ದರು, ಜಾತ್ರೆಗೆ ಎಲ್ಲರೂ ಪಟ್ಟಿ ಹಾಕುತ್ತಿದ್ದರು. ಖರ್ಚನ್ನು ಊರು ಹೊರುತ್ತಿತ್ತು. ಈಗ ವಿದ್ಯಾನಗರದಲ್ಲಿ ಬಾಡಿಗೆ ಕೊಡುವವರು ನಾವೊಬ್ಬರೇ. ಬಡ ಮಕ್ಕಳ ಪ್ರಶ್ನೆ ಮಾತ್ರ ನ್ಯಾಯವಾದದ್ದು. ನಾನು ಬ್ಯಾಚಿಗೆ ಎರಡು ಸೀಟು ಫೀಸಿಲ್ಲದೆ ಇಟ್ಟಿದ್ದೇನೆ. ಯಾರು ಅಂತ ಉಳಿದ ಮಕ್ಕಳಿಗೆ ಗೊತ್ತಾಗಬಾರದು ಅನ್ನುವುದೊಂದೇ ನಿಯಮ. ಈ ಸೀಟುಗಳನ್ನು ಮೊದಲ ದಿನವೇ ಲೆಕ್ಕದಲ್ಲಿ ಕಳೆದು, ಉಳಿದ ಸೀಟಿನಲ್ಲಿ ಬಾಡಿಗೆ ಹುಟ್ಟುತ್ತಾ ಅಂತ ನೋಡಬೇಕು. ಮನಸ್ಸು ಕರಗಿದಾಗ ಬಿಟ್ಟುಕೊಡುತ್ತಾ ಹೋದರೆ ಕ್ಲಾಸೇ ಉಳಿಯಲ್ಲ, ಆಗ ಆ ಮಕ್ಕಳಿಗೂ ಇಲ್ಲ.

ಹಳೇ ದಾವಣಗೆರೆ

ಎರಡು ಸೀಟಿನ ಮಾತು ಒಪ್ಪಿದೆ.

ಅಕೌಂಟ್ಸ್ ನೋಡುವವನು

ಕಾಗದ ಪತ್ರದ ಬಗ್ಗೆ ಯಾರೂ ಹೇಳಲಿಲ್ಲ, ಚುಟುಕಾಗಿ ಹೇಳುತ್ತೇನೆ. ಮಹಾನಗರ ಪಾಲಿಕೆಯಲ್ಲಿ ಟ್ರೇಡ್ ಲೈಸೆನ್ಸ್ ವಿಚಾರಿಸಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು, ಶುರು ಮಾಡಿದ 30 ದಿನದೊಳಗೆ ನೋಂದಣಿ ಮಾಡಿಸಬೇಕು. ಸಣ್ಣ ಉದ್ಯಮಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಉಚಿತ, ಅದಕ್ಕೆ ದುಡ್ಡು ಕೇಳುವ ಏಜೆಂಟರಿಗೆ ಕೊಡಬೇಡಿ.

ಜಿಎಸ್‌ಟಿ: ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. 60 ಮಕ್ಕಳು, 1,000 ಫೀಸು ಅಂದರೆ ವರ್ಷಕ್ಕೆ 7.2 ಲಕ್ಷ, ಚಿಂತೆ ಇಲ್ಲ. ಕ್ರೀಡಾ ತರಬೇತಿಗೆ ಜಿಎಸ್‌ಟಿ ವಿನಾಯಿತಿ ಇದೆ ಅಂತ ಕೆಲವರು ಹೇಳುತ್ತಾರೆ. ಅದು ಆದಾಯ ತೆರಿಗೆಯಲ್ಲಿ ಧರ್ಮಾರ್ಥ ಸಂಸ್ಥೆ ಅಂತ ನೋಂದಣಿ ಆದವರಿಗೆ, ಖಾಸಗಿ ಕ್ಲಾಸಿಗಲ್ಲ. ಸೊಸೈಟಿ ಮಾಡಿ ಅಂತ ಸಲಹೆ ಕೊಡುವವರೂ ಸಿಗುತ್ತಾರೆ. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಕನಿಷ್ಠ 7 ಜನ ಬೇಕು. ಲಾಭ ಹಂಚಿಕೊಳ್ಳುವಂತಿಲ್ಲ. ಮನೆ ನಡೆಸುವುದು ಉದ್ದೇಶ ಆದರೆ ನಿಮ್ಮ ಹೆಸರಿನ ಸಣ್ಣ ಉದ್ಯಮವೇ ಸಾಕು.

ಫೀಸಿಗೆ ಬೇರೆ ಬ್ಯಾಂಕ್ ಖಾತೆ ಇಡಿ. 2025ರಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೆಲ್ಲ ನೋಟಿಸ್ ಬಂದಿದ್ದು ನೆನಪಿದೆ ಅಲ್ವಾ? ಅಣ್ಣ ಹಾಕಿದ ಸಾಲ, ಚೀಟಿ ದುಡ್ಡು, ಫೀಸು ಎಲ್ಲ ಒಂದೇ ಖಾತೆಯಲ್ಲಿದ್ದರೆ ಬಿಡಿಸಿ ತೋರಿಸುವಷ್ಟರಲ್ಲಿ ಸಾಕಾಗುತ್ತೆ.

ಕೋಟೆ ಊರಿನ ಕೋಚ್

ಚಿತ್ರದುರ್ಗದಿಂದ. ನಾನು ಹುಡುಗಿಯರಿಗೇ ಹೆಚ್ಚಾಗಿ ಕಲಿಸುವುದು. ಸರ್ಕಾರಿ ಶಾಲೆಗಳಲ್ಲಿ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿ ಅಂತ ಸಮಗ್ರ ಶಿಕ್ಷಣದ ಅಡಿ ನಡೆಯುತ್ತೆ. 6ರಿಂದ 12ನೇ ತರಗತಿಯ ಹುಡುಗಿಯರಿಗೆ, 3 ತಿಂಗಳು, ಶಾಲೆಗೆ ತಿಂಗಳಿಗೆ 5,000 ರೂಪಾಯಿ. ಹಾಸ್ಟೆಲ್‌ಗಳಲ್ಲಿ ಓಬವ್ವನ ಹೆಸರಿನ ತರಬೇತಿಯೂ ಇದೆ. ಇದನ್ನೇ ನಂಬಿ ಬದುಕಲು ಆಗಲ್ಲ, ಬಿಲ್ ಬರುವುದು ತಡ ಆಗುತ್ತೆ. ಆದರೂ ಮಾಡಿ. ಮ್ಯಾಟ್ ಇಲ್ಲದ ಮೈದಾನದಲ್ಲಿ ಚೂಡಿದಾರ ಹಾಕಿಕೊಂಡ ಅರವತ್ತು ಹುಡುಗಿಯರಿಗೆ ಕಲಿಸಿದಾಗ ನೀವು ಎಂಥ ಮಾಸ್ತರು ಅಂತ ನಿಮಗೇ ಗೊತ್ತಾಗುತ್ತೆ. ಮೊದಲ ವಾರ ನಾನು ಒದೆ, ಗುದ್ದು ಏನೂ ಹೇಳಿಕೊಡಲ್ಲ. ಜೋರಾಗಿ ಕೂಗುವುದಷ್ಟೇ. "ಬಿಡು!" ಅಂತ ಗಟ್ಟಿಯಾಗಿ ಕೂಗಲು ಬಾಯಿ ತೆರೆಯುವುದಕ್ಕೇ ಕೆಲವರಿಗೆ ಎರಡು ಮೂರು ದಿನ ಬೇಕು. ಆ ದನಿ ಹೊರಗೆ ಬಂದಮೇಲೆ ಉಳಿದದ್ದು ತಾನಾಗಿ ಬರುತ್ತೆ.

ನವೆಂಬರ್ 11ರ ಓಬವ್ವ ಜಯಂತಿಗೆ ಹುಡುಗಿಯರ ಪ್ರದರ್ಶನ ಬೇಕು ಅಂತ ಎಲ್ಲರೂ ಕರೆಯುತ್ತಾರೆ. ಅದೇ ಹುಡುಗಿಯರು ದಿನಾ ಹೋಗುವ ಕ್ಲಾಸಿನಲ್ಲಿ ಬಟ್ಟೆ ಬದಲಾಯಿಸಲು ಬಾಗಿಲಿರುವ ಒಂದು ಕೋಣೆ ಇರಲ್ಲ. ನೀವು ನೋಡಿದ ಆ ಮೊದಲ ಮಹಡಿಯಲ್ಲಿ ಶೌಚಾಲಯ ಇದೆಯಾ? ಒಳಗಿನಿಂದ ಚಿಲಕ ಹಾಕಬಹುದಾ? ಡಸ್ಟ್‌ಬಿನ್ ಇದೆಯಾ? 12-13 ವರ್ಷಕ್ಕೆ ಹುಡುಗಿಯರು ಬಿಟ್ಟು ಹೋಗುವುದಕ್ಕೆ ಮನೆಯವರನ್ನೇ ದೂರುತ್ತೇವೆ. ಅರ್ಧ ಕಾರಣ ನಮ್ಮ ಹಾಲಿನಲ್ಲಿರುತ್ತೆ.

ಇನ್ನೊಂದು ಮಾತು, ಇದನ್ನು ತುಂಬಾ ಗಂಭೀರವಾಗಿ ಹೇಳುತ್ತಿದ್ದೇನೆ. ಮಕ್ಕಳನ್ನು ಮುಟ್ಟಿ ತಿದ್ದುವ ಕೆಲಸ ನಮ್ಮದು. ನಿಲುವು ತಿದ್ದಲು ಮೊದಲು ಬಾಯಲ್ಲಿ ಹೇಳಿ, ಆಮೇಲೆ ಮಾಡಿ ತೋರಿಸಿ. ಮುಟ್ಟಲೇಬೇಕು ಅಂದರೆ ಕೇಳಿ ಮುಟ್ಟಿ. ಒಂದು ಮಗುವಿನ ಜೊತೆ ಬಾಗಿಲು ಮುಚ್ಚಿದ ಹಾಲಿನಲ್ಲಿ ಯಾರೂ ಒಬ್ಬರೇ ಇರಬಾರದು, ನೀವೂ ಸೇರಿ. ಅಸಿಸ್ಟೆಂಟ್ ಸೇರಿಸಿಕೊಳ್ಳುವ ಮೊದಲು ಪೊಲೀಸ್ ವೆರಿಫಿಕೇಶನ್ ಮಾಡಿಸಿ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಮಗುವಿನ ಮೇಲೆ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಕ್ಲಾಸಿನ ಮರ್ಯಾದೆ ಅಂತ ಮುಚ್ಚಿಡುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಅಂತ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ.

ಪಿಟಿ ಮೇಷ್ಟ್ರು

ಕರಾಟೆ ಕಲಿತರೆ ಒಲಿಂಪಿಕ್ಸ್‌ಗೆ ಹೋಗಬಹುದಾ, ಸಿಇಟಿ ಕ್ರೀಡಾ ಕೋಟಾದಲ್ಲಿ ಸೀಟು ಸಿಗುತ್ತಾ ಅಂತ ಪೋಷಕರು ಕೇಳೇ ಕೇಳುತ್ತಾರೆ. ಇದ್ದದ್ದು ಇದ್ದ ಹಾಗೆ ಹೇಳಿ. ಕರಾಟೆ ಒಲಿಂಪಿಕ್ಸ್‌ನಲ್ಲಿ ಇದ್ದದ್ದು ಒಂದೇ ಸಲ, 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ. 2024ರ ಪ್ಯಾರಿಸ್‌ನಲ್ಲಿ ಇರಲಿಲ್ಲ. ಟೇಕ್ವಾಂಡೋ 2000ದ ಸಿಡ್ನಿಯಿಂದ ಪದಕದ ಆಟ. ಜೂಡೋ 1964ರಲ್ಲೇ ಬಂತು. ಶಾಲಾ ಕ್ರೀಡಾಕೂಟದಲ್ಲಿ ಕರಾಟೆಯೂ ಇದೆ, 14, 17, 19 ವರ್ಷದೊಳಗಿನವರಿಗೆ ಅಂತ ಗುಂಪು.

ಕೋಟಾಕ್ಕೆ ಯಾವ ಸರ್ಟಿಫಿಕೇಟ್ ನಡೆಯುತ್ತೆ ಅನ್ನುವುದು ಯಾವ ಸಂಸ್ಥೆ ನಡೆಸಿದ ಕೂಟ ಅನ್ನುವುದರ ಮೇಲೆ ಹೋಗುತ್ತೆ. 'ರಾಷ್ಟ್ರೀಯ', 'ಅಂತರರಾಷ್ಟ್ರೀಯ' ಅಂತ ಬ್ಯಾನರ್ ಹಾಕಿದ ಓಪನ್ ಟೂರ್ನಮೆಂಟ್‌ಗಳ ಕಾಗದ ಎಷ್ಟೋ ಸಲ ಯಾವ ಲೆಕ್ಕಕ್ಕೂ ಬರಲ್ಲ. ಕರಾಟೆಯಲ್ಲಿ ಸಂಘಗಳು ಒಂದೆರಡಲ್ಲ. ಯಾವುದಕ್ಕೆ ಸೇರುತ್ತೀರಿ ಅಂತ ಬೋರ್ಡ್ ಬರೆಸುವ ಮೊದಲೇ ನಿರ್ಧಾರ ಮಾಡಿ. ಹಾಗೇ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಅಂದರೆ ಎನ್‌ಐಎಸ್‌ನ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಬಗ್ಗೆಯೂ ವಿಚಾರಿಸಿ. ಡಾನ್ ಇದ್ದವರಿಗೆಲ್ಲ ಮಕ್ಕಳ ಮೈ ಹೇಗೆ ಬೆಳೆಯುತ್ತೆ ಅಂತ ಗೊತ್ತಿರಬೇಕೆಂದಿಲ್ಲ.

ಫಿಸಿಯೋ ಎಂಸಿಸಿ ಬಿ ಬ್ಲಾಕ್

ಮ್ಯಾಟಿನ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಒಂದು ಮೀಟರಿನ ಇಂಟರ್‌ಲಾಕ್ ಮ್ಯಾಟ್, ಕರಾಟೆಗೆ 20-25 ಮಿಲಿಮೀಟರ್ ದಪ್ಪ ಸಾಕು. ಎತ್ತಿ ಕೆಡವುವುದು ಕಲಿಸುವುದಾದರೆ 40 ಬೇಕು. ಒಂದಕ್ಕೆ 800 ರೂಪಾಯಿ ಹಿಡಿದರೂ 60ಕ್ಕೆ 48,000. ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ ಜಿಗಿಸಿ ಜಿಗಿಸಿ ಹಿಮ್ಮಡಿ ನೋವು ಮಾಡಿಕೊಂಡ ಮಕ್ಕಳು ನನ್ನ ಹತ್ತಿರ ಬರುತ್ತಾರೆ.

ಪ್ರತಿ ದಿನ ಕೊನೆಯ ಬ್ಯಾಚ್ ಆದಮೇಲೆ ಸೋಂಕುನಾಶಕ ಹಾಕಿ ಒರೆಸಿ ಒಣಗಿಸಬೇಕು. ಬೆವರಿನ ಮ್ಯಾಟಿನಿಂದ ಗಜಕರ್ಣ ಒಬ್ಬರಿಂದ ಒಬ್ಬರಿಗೆ ಹತ್ತುತ್ತೆ, ಇಡೀ ಬ್ಯಾಚ್ ತುರಿಸಿಕೊಳ್ಳುತ್ತೆ. ಉಗುರು ನೋಡಿ ಒಳಗೆ ಬಿಡಿ. ತಲೆಗೆ ಪೆಟ್ಟು ಬಿದ್ದ ಮಗು "ಏನೂ ಆಗಿಲ್ಲ ಸರ್" ಅಂದರೂ ಆ ದಿನ ಮತ್ತೆ ಆಡಿಸಬೇಡಿ, ಮನೆಯವರಿಗೆ ಫೋನ್ ಮಾಡಿ ವೈದ್ಯರಿಗೆ ತೋರಿಸಲು ಹೇಳಿ. ಏಪ್ರಿಲ್‌ನಲ್ಲಿ ನಮ್ಮೂರ ಬಿಸಿಲು 40ರ ಹತ್ತಿರ ಹೋಗುತ್ತೆ. ಶೀಟ್ ಹಾಕಿದ ಟೆರೇಸಿನಲ್ಲಿ ಸಂಜೆ 5ಕ್ಕೂ ಕಾವು ಇಳಿದಿರಲ್ಲ, ಬೇಸಿಗೆಯಲ್ಲಿ ಅರ್ಧ ಗಂಟೆ ಮುಂದಕ್ಕೆ ಹಾಕಿ.

ವಿದ್ಯಾನಗರ ಶೋಟೋಕಾನ್

ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡೆರಡು ಸಲ ಓದಿದೆ. ಇವತ್ತು ಮತ್ತೆ ಹೋಗಿ ಆ ಜಾಗ ನೋಡಿ ಬಂದೆ. ಶೌಚಾಲಯ ಕೆಳಗಿನ ಮನೆಯವರದ್ದು, ಮಕ್ಕಳು ಇಳಿದು ಹೋಗಿ ಕೇಳಬೇಕು. ಹಾಲಿನ ನಡುವೆ ಒಂದು ಕಂಬವೂ ಇದೆ. ಅದನ್ನು ಬಿಟ್ಟೆ. ಫೀಸು 1,000, ಮೂರು ತಿಂಗಳಿಗೊಮ್ಮೆ ಎಕ್ಸಾಮ್, ಎಕ್ಸಾಮಿನ ಖರ್ಚು ಬೋರ್ಡಿನಲ್ಲಿ, ಬ್ಯಾಚಿಗೆ ಎರಡು ಉಚಿತ ಸೀಟು. ಹಾಗೆ ನೋಡಿದರೆ ಫೀಸು ಕೊಡುವ ಸೀಟು 72. ಇಷ್ಟನ್ನು ಬರೆದಿಟ್ಟಿದ್ದೇನೆ. ಒಂದು ಖಾಸಗಿ ಶಾಲೆಯವರು ಸಂಜೆ ಅವರ ಹಾಲ್ ಕೊಡುತ್ತೇವೆ, ಬಂದ ಫೀಸಿನಲ್ಲಿ ಶೇಕಡ 30 ಕೊಡಿ ಅನ್ನುತ್ತಿದ್ದಾರೆ. ಒಪ್ಪಬಹುದಾ?

ಟೇಕ್ವಾಂಡೋ ಮಾಸ್ತರು

ಒಪ್ಪಿ. 20 ಮಕ್ಕಳಿದ್ದರೆ 6,000 ಹೋಗುತ್ತೆ, ಅಡ್ವಾನ್ಸ್ ಇಲ್ಲ, ಮಕ್ಕಳು ಬರದಿದ್ದರೆ ಸಾಲ ಇಲ್ಲ. 50 ಮಕ್ಕಳಾದ ದಿನ 15,000 ಆಗುತ್ತೆ, ಆಗ ಸ್ವಂತ ಹಾಲ್ ಹುಡುಕಿ. ಅದಕ್ಕೆ ಈಗಲೇ ಒಪ್ಪಂದದಲ್ಲಿ ಮೂರು ವಿಷಯ ಬರೆಸಿ. ಹೊರಗಿನ ಮಕ್ಕಳನ್ನೂ ಸೇರಿಸಿಕೊಳ್ಳಬಹುದು ಅಂತ. ಫೀಸು ನಿಮ್ಮ ಖಾತೆಗೇ ಬರಬೇಕು, ಶಾಲೆಯ ಪಾಲು ನೀವು ಕಟ್ಟುತ್ತೀರಿ ಅಂತ. ಪರೀಕ್ಷೆ, ಸ್ಕೂಲ್ ಡೇ ಅಂತ ಹಾಲ್ ಕೊಡದಿದ್ದರೆ ಒಂದು ವಾರ ಮೊದಲೇ ತಿಳಿಸಬೇಕು ಅಂತ. ಮ್ಯಾಟ್ ನೀವೇ ಕೊಳ್ಳಿ, ಒಮ್ಮೆಗೇ 60 ಬೇಡ, 30ರಿಂದ ಶುರು ಮಾಡಿ. ಬಿಟ್ಟು ಬರುವಾಗ ಹೊತ್ತುಕೊಂಡು ಬರಬಹುದು.

ಕೋಟೆ ಊರಿನ ಕೋಚ್

ಶಾಲೆಯಾದರೆ ಸಂಜೆ 5ರ ಮೇಲೆ ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇರುತ್ತೆ ಅಂತ ಮೊದಲು ಕೇಳಿ. ವಾಚ್‌ಮನ್ ಹತ್ತಿರ ಬೇಡ, ನಿಮ್ಮ ಹತ್ತಿರ ಒಂದು ಇರಲಿ.